ಎಕ್ಸ್‌ರೇಗೆ ಸಿಗದ ಪರಮಾಣುಗಳು: ಪ್ರೋಟೀನ್ ಮಾದರಿಯ ಖಾಲಿ ಜಾಗ ತುಂಬುವ ಕತೆ

ಬೆಳಗಾವಿಯಲ್ಲಿ ಬಯೋಟೆಕ್ ಓದುವ ಹುಡುಗರಿಗೆ ಡಾಕಿಂಗ್ (ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆ ಅಂತ ಕಂಪ್ಯೂಟರಿನಲ್ಲಿ ನೋಡುವುದು) ಪ್ರಾಜೆಕ್ಟ್ ಅಂದರೆ ಆಸೆ. ಪಶ್ಚಿಮ ಘಟ್ಟ ಹತ್ತಿರ, ಸಾಂಪ್ರದಾಯಿಕ ಔಷಧಿಯ ರಾಷ್ಟ್ರೀಯ ಸಂಸ್ಥೆ ಊರಲ್ಲೇ ಇದೆ. ಗಿಡಮೂಲಿಕೆಯ ಅಣು ಯಾವ ಪ್ರೋಟೀನಿಗೆ ಅಂಟುತ್ತದೆ ಅಂತ ನೋಡಬೇಕು ಅನ್ನಿಸುವುದು ಸಹಜ ಅಲ್ವಾ? ಆದರೆ ಪ್ರೋಟೀನ್ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನ (ಪಿಡಿಬಿ) ಫೈಲ್ ತೆರೆದರೆ ಎಷ್ಟೋ ಸಲ ಅಮೈನೋ ಆಮ್ಲಗಳ ಸರಪಳಿ ನಡುವೆಯೇ ಕಡಿದಿರುತ್ತದೆ.

ಇದು ಹಳೆಯ ತೊಂದರೆ. 1958ರಲ್ಲಿ ಜಾನ್ ಕೆಂಡ್ರ್ಯೂ ತಂಡ ಮಯೋಗ್ಲೋಬಿನ್ ರಚನೆ ಮೊದಲು ತೋರಿಸಿದಾಗ ಸರಪಳಿ ಮಡಚಿದ ರೀತಿ ಕಂಡಿತ್ತು, ಬಿಡಿ ಪರಮಾಣು ಕಂಡಿರಲಿಲ್ಲ. 1971ರಲ್ಲಿ ಬ್ಯಾಂಕ್ ಶುರುವಾದಾಗ ಇದ್ದದ್ದು 7 ರಚನೆ. ಎಕ್ಸ್‌ರೇ ತೋರಿಸುವುದು ಪ್ರೋಟೀನ್ ಹರಳಿನೊಳಗಿನ ಅಸಂಖ್ಯ ಅಣುಗಳ ಸರಾಸರಿ. ಅಲುಗಾಡುವ ಭಾಗ ಆ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಹೈಡ್ರೋಜನ್‌ಗೆ ಇರುವುದು ಒಂದೇ ಎಲೆಕ್ಟ್ರಾನ್; ಎಕ್ಸ್‌ರೇ ಚದುರುವುದು ಎಲೆಕ್ಟ್ರಾನಿನಿಂದಲೇ ಆದ್ದರಿಂದ ಅದಂತೂ ಕಾಣುವುದೇ ಅಪರೂಪ.

ಲೈಸಿನ್ ಎಂಬ ಅಮೈನೋ ಆಮ್ಲವನ್ನೇ ನೋಡಿ. ಸರಪಳಿಯ ಬೆನ್ನೆಲುಬಿನಿಂದ ನಾಲ್ಕು ಕಾರ್ಬನ್ ಸಾಲಾಗಿ ಹೊರಚಾಚಿ, ತುದಿಯಲ್ಲಿ ಒಂದು ನೈಟ್ರೋಜನ್. ಪ್ರೋಟೀನಿನ ಮೇಲ್ಮೈಯಲ್ಲಿದ್ದರೆ ನೀರಿನಲ್ಲಿ ಓಲಾಡುತ್ತಿರುತ್ತದೆ. ಮೊದಲ ಕಾರ್ಬನ್ ಸ್ಪಷ್ಟ, ಮುಂದಿನದು ಮಸುಕು, ತುದಿ ಮಾಯ. ಆಗ ಏನು ಮಾಡುವುದು? ಕೆಲವರು ಕಾಣದ್ದನ್ನು ಬಿಟ್ಟೇಬಿಡುತ್ತಾರೆ. ಕೆಲವರು ಇಟ್ಟು, ಆಕ್ಯುಪೆನ್ಸಿ (ಪರಮಾಣು ಆ ಜಾಗದಲ್ಲಿರುವ ಪಾಲು) ಸೊನ್ನೆ ಅಂತ ಬರೆಯುತ್ತಾರೆ. ಇನ್ನು ಕೆಲವರು ಪೂರ್ತಿ ಇಟ್ಟು ಬಿ-ಫ್ಯಾಕ್ಟರ್ (ಪರಮಾಣುವಿನ ಅಲುಗಾಟದ, ಮಸುಕಿನ ಅಳತೆ) ಏರಲು ಬಿಡುತ್ತಾರೆ. ಈ ವಾದ ಇನ್ನೂ ಮುಗಿದಿಲ್ಲ. ಬಿಟ್ಟದ್ದರ ಪಟ್ಟಿ ಪಿಡಿಬಿ ಫೈಲಿನಲ್ಲೇ ಇರುತ್ತದೆ: ರಿಮಾರ್ಕ್ 465ರಲ್ಲಿ ಇಲ್ಲದ ರೆಸಿಡ್ಯೂಗಳು (ಸರಪಳಿಯ ಒಂದೊಂದು ಅಮೈನೋ ಆಮ್ಲ), 470ರಲ್ಲಿ ಇಲ್ಲದ ಪರಮಾಣುಗಳು. ದಯವಿಟ್ಟು ಮೊದಲು ಅದನ್ನು ಓದಿ.

ಸುಮ್ನೆ ಬಿಟ್ಟರೂ ನಡೆಯುವುದಿಲ್ಲ. ಕಡಿದ ಜಾಗವನ್ನು ಸಿಮ್ಯುಲೇಶನ್ ಪ್ರೋಗ್ರಾಂ ಸರಪಳಿಯ ನಿಜವಾದ ತುದಿ ಅಂತ ತಿಳಿದು, ಅಲ್ಲಿ ಇಲ್ಲದ ಚಾರ್ಜ್ ಹಾಕಿಬಿಡಬಹುದು.

ತುಂಬುವ ದಾರಿಗೆ ಅಡಿಪಾಯ ಬಿದ್ದದ್ದು ಮದ್ರಾಸಿನಲ್ಲಿ. ಬೆನ್ನೆಲುಬು ಯಾವ ಕೋನಗಳಲ್ಲಿ ತಿರುಗಬಲ್ಲದು ಅಂತ 1963ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ನಕ್ಷೆ ಮಾಡಿದರು. 1987ರಲ್ಲಿ ಪಾಂಡರ್ ಮತ್ತು ರಿಚರ್ಡ್ಸ್ ಬೆನ್ನೆಲುಬಿನಿಂದ ಹೊರಚಾಚುವ ಪಕ್ಕದ ಕೊಂಬೆಗಳ ಇಷ್ಟದ ಭಂಗಿಗಳನ್ನು ಪಟ್ಟಿ ಮಾಡಿದರು. 1993ರಲ್ಲಿ ಶಾಲಿ ಮತ್ತು ಬ್ಲಂಡೆಲ್ ಅವರ, ಪ್ರೋಟೀನ್ ಮಾದರಿ ಕಟ್ಟುವ ಪ್ರೋಗ್ರಾಂ ಮಾಡೆಲರ್ ಬಂತು. ಹೈಡ್ರೋಜನ್ ಸೇರಿಸಲು 1999ರಲ್ಲಿ ರೆಡ್ಯೂಸ್ ಎಂಬ ಪ್ರೋಗ್ರಾಂ. ಈಗ ಒಂದು ಬಟನ್ ಒತ್ತಿದರೆ ಸಾಕು, ಖಾಲಿ ಜಾಗವೆಲ್ಲ ಭರ್ತಿ.

ನನಗೆ ಚಿಂತೆ ಇರುವುದು ಇಲ್ಲೇ. ಬಾದಾಮಿಯ ಶಾಸನ ಓದುವವರು ಸವೆದ ಅಕ್ಷರವನ್ನು ಊಹಿಸಿದರೆ ಅದನ್ನು ಕಂಸದೊಳಗೆ ಹಾಕುತ್ತಾರೆ. ನಮ್ಮ ಪ್ರಾಜೆಕ್ಟ್ ವರದಿಗಳಲ್ಲೂ ಅಂಥದ್ದೊಂದು ಗುರುತು ಬೇಕು: ಎಷ್ಟನೇ ರೆಸಿಡ್ಯೂನಿಂದ ಎಷ್ಟರವರೆಗೆ ತುಂಬಿದ್ದು, ಯಾವುದರಿಂದ. ಔಷಧಿ ಕೂರುವ ಗುಂಡಿಯಿಂದ ದೂರದ ಮೂರ್ನಾಲ್ಕು ರೆಸಿಡ್ಯೂ ಆದರೆ ಜಾಸ್ತಿ ತಲೆಬಿಸಿ ಬೇಡ. ಕೈನೇಸ್‌ಗಳ (ಒಂದು ಬಗೆಯ ಕಿಣ್ವ) ಆಕ್ಟಿವೇಶನ್ ಲೂಪ್, ಅಂದರೆ ಕಿಣ್ವವನ್ನು ಚಾಲೂ ಮಾಡುವ ಸರಪಳಿಯ ತುಂಡು, ಗುಂಡಿಯ ಬಾಯಲ್ಲೇ ಇದೆ, ಎಷ್ಟೋ ರಚನೆಗಳಲ್ಲಿ ಕಾಣುವುದೇ ಇಲ್ಲ. ಅದನ್ನು ಊಹಿಸಿ ತುಂಬಿ ಬಂದ ಡಾಕಿಂಗ್ ಅಂಕವನ್ನು ನಾನು ನಂಬುವುದಿಲ್ಲ.

2021ರಿಂದ ಆಲ್ಫಾಫೋಲ್ಡ್ ಡೇಟಾಬೇಸ್ (ಎಐ ಊಹಿಸಿದ ಪ್ರೋಟೀನ್ ರಚನೆಗಳ ಸಂಗ್ರಹ) ಇಡೀ ಸರಪಳಿಯನ್ನೇ ಕೊಡುತ್ತದೆ. ಅಲ್ಲಿ ನೂರಕ್ಕೆ 50ಕ್ಕಿಂತ ಕಡಿಮೆ ಭರವಸೆಯ ಭಾಗಕ್ಕೆ ಕಿತ್ತಳೆ ಬಣ್ಣ. ಆ ಅಂಕ ಬರುವುದು ಬಿ-ಫ್ಯಾಕ್ಟರ್ ಇರುವ ಕಾಲಮ್ಮಿನಲ್ಲೇ, ಆದರೆ ಅರ್ಥ ಉಲ್ಟಾ: ಇಲ್ಲಿ ಅಂಕ ಜಾಸ್ತಿಯಾದಷ್ಟು ಭರವಸೆ ಜಾಸ್ತಿ.