ಅಂಕ ಕೊಡುವವರಿಗೂ ಬೇಕು ಅಭ್ಯಾಸ

ಕಣ್ಣಿನ ಪೊರೆ ತೆಗೆಯಲು ಕಲಿಯುತ್ತಿರುವ ವೈದ್ಯರ ಕೈ ಎಷ್ಟು ಪಳಗಿದೆ ಎಂದು ಕೇಳಿದರೆ ಬಹುಕಾಲ ಸಿಗುತ್ತಿದ್ದ ಉತ್ತರ ಎರಡೇ: ಲಾಗ್‌ಬುಕ್‌ನಲ್ಲಿರುವ ಕೇಸುಗಳ ಸಂಖ್ಯೆ, ಇಲ್ಲವೇ ‘ಪರವಾಗಿಲ್ಲ, ಮಾಡ್ತಾರೆ’ ಎಂಬ ಹಿರಿಯರ ಮಾತು. ಐವತ್ತು ಕಣ್ಣು ಮಾಡಿದವರು ಐವತ್ತರಲ್ಲೂ ಒಂದೇ ಹಂತದಲ್ಲಿ ಎಡವಿರಬಹುದು. ಸಂಖ್ಯೆಯಲ್ಲಿ ಅದು ಕಾಣುವುದಿಲ್ಲ.

ಕೌಶಲವನ್ನು ಬಿಡಿಬಿಡಿಯಾಗಿ ಅಳೆಯುವ ‘ಓಸ್ಯಾಟ್ಸ್’ ವಿಧಾನವನ್ನು 1997ರಲ್ಲಿ ಟೊರೊಂಟೊದ ಶಸ್ತ್ರಚಿಕಿತ್ಸಕರು ಪ್ರಕಟಿಸಿದರು. ನೇತ್ರಚಿಕಿತ್ಸೆಗೆಂದೇ ‘ಓಯಸಿಸ್’, ‘ಗ್ರೇಸಿಸ್’ ಎಂಬ ನಮೂನೆಗಳು 2005ರಲ್ಲಿ ಬಂದವು. ಅಂತರರಾಷ್ಟ್ರೀಯ ನೇತ್ರವಿಜ್ಞಾನ ಮಂಡಳಿಯ ‘ಆಸ್ಕರ್’ ಹಾಳೆ ಇನ್ನೂ ಮುಂದೆ ಹೋಯಿತು. ಫೇಕೊ (ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಒಡೆದು ಹೀರುವ ವಿಧಾನ) ಹಾಳೆಯಲ್ಲಿ 20 ಸಾಲು: ಡ್ರೇಪ್ (ಕಣ್ಣಿನ ಸುತ್ತ ಹೊದಿಸುವ ಶುದ್ಧ ಹೊದಿಕೆ) ಹಾಕುವುದರಿಂದ ಗಾಯ ಮುಚ್ಚುವವರೆಗೆ 14 ಹಂತಗಳು, ಜೊತೆಗೆ ಅಂಗಾಂಶವನ್ನು ಮುಟ್ಟುವ ರೀತಿ, ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪದರ) ರಕ್ಷಣೆಯಂಥ 6 ಒಟ್ಟಾರೆ ಗುಣಗಳು. ಪ್ರತಿ ಸಾಲಿಗೂ 2ರಿಂದ 5 ಅಂಕ. ಆ ಹಂತವನ್ನು ಗುರುವೇ ಮಾಡಿದ್ದರೆ ಸೊನ್ನೆ.

ಇದರ ನಿಜವಾದ ಬಲ ಅಂಕದಲ್ಲಿಲ್ಲ, ಅಂಕದ ಪಕ್ಕದಲ್ಲಿರುವ ವಿವರಣೆಯಲ್ಲಿದೆ. ಕ್ಯಾಪ್ಸುಲೊರೆಕ್ಸಿಸ್ (ಮಸೂರದ ಕೋಶದ ಮುಂಭಾಗವನ್ನು ದುಂಡಗೆ ಹರಿದು ತೆರೆಯುವುದು) ಮಾಡುವಾಗ ಹರಿಯುವ ಅಂಚಿನ ಹಿಂದೆ ಫೋರ್ಸೆಪ್ಸ್ (ಚಿಮುಟ) ಓಡುತ್ತಿದೆಯೋ, ಫೋರ್ಸೆಪ್ಸ್ ಹೇಳಿದಂತೆ ಅಂಚು ತಿರುಗುತ್ತಿದೆಯೋ? ವಿಸ್ಕೊ (ಕಣ್ಣೊಳಗೆ ತುಂಬುವ ಅಂಟುದ್ರವ) ಸೋರಿ ಮುಂಗೋಣೆ (ಕಾರ್ನಿಯಾ ಮತ್ತು ಐರಿಸ್ ನಡುವಿನ ಜಾಗ) ತಗ್ಗಿದರೆ ಅಂಚು ಹೊರಕ್ಕೆ ಜಾರುತ್ತದೆ. ಅದನ್ನು ಗುರುತಿಸಿ ಮತ್ತೆ ವಿಸ್ಕೊ ತುಂಬಿದರೋ ಇಲ್ಲವೋ? ಭಾರತದಲ್ಲಿ ಹೆಚ್ಚು ನಡೆಯುವ ಎಸ್‌ಐಸಿಎಸ್‌ಗೆ (ಸಣ್ಣ ಗಾಯದ ಮೂಲಕ ಪೊರೆಯ ತಿರುಳನ್ನು ಕೈಯಿಂದಲೇ ಹೊರತೆಗೆಯುವ ವಿಧಾನ) ಬೇರೆಯೇ ಹಾಳೆಯಿದೆ, ಅದು ಇರಲೇಬೇಕು. ಅಲ್ಲಿ ಕಣ್ಣಿನ ಬಿಳಿಭಾಗದಿಂದ ಒಳಕ್ಕೆ ಕೊರೆಯುವ ಸುರಂಗವೇ ಪರೀಕ್ಷೆ: ತೀರ ಮೇಲಾದರೆ ಛಾವಣಿ ತೂತಾಗುತ್ತದೆ, ತೀರ ಆಳವಾದರೆ ಅವಧಿಗೆ ಮುನ್ನವೇ ಒಳಹೊಕ್ಕು ಐರಿಸ್ ಹೊರಬರುತ್ತದೆ, ಕಿರಿದಾದರೆ ತಿರುಳು ಹೊರಬರುವಾಗ ಕಾರ್ನಿಯಾದ ಒಳಪದರವನ್ನು ಉಜ್ಜುತ್ತದೆ.

ಆದರೆ ಒಂದೇ ವಿಡಿಯೊಗೆ ಇಬ್ಬರು ಹಿರಿಯರು 3 ಮತ್ತು 5 ಕೊಟ್ಟರೆ ಹಾಳೆಗೆ ಬೆಲೆಯಿಲ್ಲ. ಹಾಗಾಗಿ ಮೌಲ್ಯಮಾಪಕರನ್ನೇ ಮೊದಲು ತರಬೇತು ಮಾಡಬೇಕು. ಒಳ್ಳೆಯದು, ಸಾಧಾರಣ, ಕಳಪೆ ಎನ್ನಬಹುದಾದ ಮೂರು ವಿಡಿಯೊ ಆಯ್ದು, ಹೆಸರು ಮರೆಮಾಚಿ, ಪ್ರತಿಯೊಬ್ಬರೂ ಮಾತಾಡದೆ ಅಂಕ ಹಾಕಬೇಕು. ಆಮೇಲೆ ಸಾಲುಸಾಲಾಗಿ ಹೋಲಿಸಿ, ಎರಡು ಅಂಕ ವ್ಯತ್ಯಾಸವಿದ್ದಲ್ಲಿ ಆ ಕ್ಷಣಕ್ಕೇ ವಿಡಿಯೊ ಹಿಂತಿರುಗಿಸಿ, ವಿವರಣೆಯ ಯಾವ ಪದ ಅದಕ್ಕೆ ಒಪ್ಪುತ್ತದೆ ಎಂದು ವಾದಿಸಬೇಕು. ಕೆಲವು ವಾರ ಬಿಟ್ಟು ಅದೇ ವಿಡಿಯೊಗೆ ಮತ್ತೆ ಅಂಕ ಹಾಕಿದರೆ ತಮ್ಮ ಅಳತೆಗೋಲು ಜಾರಿದೆಯೇ ಎಂಬುದೂ ಗೊತ್ತಾಗುತ್ತದೆ.

ಸಾಮಾನ್ಯ ತಪ್ಪುಗಳು ಗುರುತಿಸಲು ಸುಲಭ, ಬಿಡಲು ಕಷ್ಟ. ಮಸೂರದ ಕೋಶದ ಹಿಂಭಾಗ ಹರಿದು ವಿಟ್ರಿಯಸ್ (ಕಣ್ಣೊಳಗಿನ ಲೋಳೆ) ಬಂದಿತೆಂದು ಚೊಕ್ಕವಾಗಿ ಮಾಡಿದ ಛೇದನಕ್ಕೂ ಕಡಿಮೆ ಅಂಕ. ಶಿಷ್ಯ ಶ್ರಮಜೀವಿಯೆಂದು ಎಲ್ಲಕ್ಕೂ 4. ಬಿಳಿಪೊರೆ, ಹಿಗ್ಗದ ಪಾಪೆಯಂಥ ಕಷ್ಟದ ಕೇಸಾದರೆ ಅಂಕ ಹಿಗ್ಗಿಸದೆ, ಹಾಳೆಯಲ್ಲಿ ಅದನ್ನು ಪ್ರತ್ಯೇಕ ಬರೆಯುವುದು ಸರಿ. ಮೈಕ್ರೊಸ್ಕೋಪಿನ ವಿಡಿಯೊದಲ್ಲಿ ಕೈಯ ಆಸರೆಯಾಗಲಿ, ಪಕ್ಕದಲ್ಲಿ ಕುಳಿತವರು ಎಷ್ಟು ಹೇಳಿಕೊಟ್ಟರೆಂಬುದಾಗಲಿ ಕಾಣುವುದಿಲ್ಲ. ಅದಕ್ಕೇ ಜೊತೆಗಿದ್ದ ಗುರು ರೋಗಿ ಹೊರಹೋದ ಕೂಡಲೇ, ಮುಂದಿನ ಕೇಸಿಗೆ ಕೈ ತೊಳೆಯುವ ಮೊದಲೇ, ಹಾಳೆ ತುಂಬಬೇಕು.