ಕಾಲೇಜು ಬಾಸ್ಕೆಟ್‌ಬಾಲ್‌ಗೆ ಮೊದಲು ನೋಡಬೇಕಾದ್ದು ಗಣಿತದ ಪಾಠ

ಅಮೆರಿಕದಲ್ಲಿ ಹೈಸ್ಕೂಲು ತಂಡಕ್ಕೆ ಆಡುವವರಲ್ಲಿ ಎನ್‌ಸಿಎಎ (ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಕಾಲೇಜು ತಂಡಗಳವರೆಗೆ ಹೋಗುವವರು ನೂರಕ್ಕೆ ಮೂರು ನಾಲ್ಕು ಮಂದಿ. ಅದರ ಮೂರು ಹಂತಗಳಲ್ಲಿ ಮೇಲಿನದಾದ ಡಿವಿಷನ್ 1ಕ್ಕೆ ಏರುವವರು ಹೆಚ್ಚುಕಡಿಮೆ ಒಬ್ಬರು. ಅಲ್ಲಿನ ಕನ್ನಡ ಮನೆಗಳಲ್ಲಿ ಈ ಮಾತು ಬಂದಾಗ ಚರ್ಚೆಯೆಲ್ಲ ಎತ್ತರ, ಪಾಯಿಂಟುಗಳ ಮೇಲೆಯೇ ನಡೆಯುತ್ತದೆ. ಆದರೆ ಆಟ ಚೆನ್ನಾಗಿದ್ದೂ ಮಗು ಹೊರಗುಳಿಯುವುದು ಪಾಠಗಳ ಪಟ್ಟಿಯಿಂದ. 9ನೇ ತರಗತಿಯಲ್ಲೇ ಗಮನಿಸಿದ್ದರೆ ತಪ್ಪಿಸಬಹುದಾಗಿದ್ದ ನಷ್ಟ ಅದು.

ಡಿವಿಷನ್ 1ಕ್ಕೆ 16 ಕೋರ್ ಕೋರ್ಸುಗಳು, ಅಂದರೆ ಅರ್ಹತೆಗೆ ಎಣಿಸುವ ಮುಖ್ಯ ಪಾಠಗಳು, ಬೇಕು. ಇಂಗ್ಲಿಷ್ 4 ವರ್ಷ, ಆಲ್ಜಿಬ್ರಾ 1 ಅಥವಾ ಅದಕ್ಕಿಂತ ಮೇಲಿನ ಗಣಿತ 3, ವಿಜ್ಞಾನ 2, ಸಮಾಜ ವಿಜ್ಞಾನ 2. ಇಂಗ್ಲಿಷ್, ಗಣಿತ, ವಿಜ್ಞಾನಗಳಲ್ಲೇ ಇನ್ನೂ 1. ಉಳಿದ 4 ಇವುಗಳಿಂದಲೋ ವಿದೇಶಿ ಭಾಷೆಯಿಂದಲೋ ಬರಬಹುದು. ಈ ಹದಿನಾರರ ಗ್ರೇಡುಗಳ ಸರಾಸರಿ 4ಕ್ಕೆ 2.3 ಇರಬೇಕು, ಡಿವಿಷನ್ 2ಕ್ಕಾದರೆ 2.2. ಎನ್‌ಸಿಎಎ 2023ರಲ್ಲಿ ಎಸ್‌ಎಟಿ, ಎಸಿಟಿ ಪ್ರವೇಶ ಪರೀಕ್ಷೆಗಳ ಕಡ್ಡಾಯವನ್ನು ತೆಗೆದುಹಾಕಿದ್ದರಿಂದ ಅರ್ಹತೆಯ ಭಾರವೆಲ್ಲ ಈ ಸರಾಸರಿಯ ಮೇಲೇ ಬಿದ್ದಿದೆ.

ಎಡವುವ ಜಾಗ ಇನ್ನೊಂದಿದೆ. 12ನೇ ತರಗತಿ ಶುರುವಾಗುವ ಮುನ್ನ ಈ ಹದಿನಾರರಲ್ಲಿ 10 ಮುಗಿದಿರಬೇಕು. ಆ ಹತ್ತರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನಗಳದ್ದೇ ಆಗಿರಬೇಕು. ಆ ಏಳರ ಗ್ರೇಡು ಅಲ್ಲಿಗೇ ಮುದ್ರೆ ಬಿದ್ದಂತೆ. ಕೊನೆಯ ವರ್ಷದಲ್ಲಿ ಮತ್ತೆ ಓದಿ ಏರಿಸಿಕೊಳ್ಳಲಾಗದು. ಶಾಲೆ ಕ್ರೆಡಿಟ್ ಕೊಟ್ಟಿದ್ದೆಲ್ಲ ಕೋರ್ ಆಗುವುದೂ ಇಲ್ಲ. ಪ್ರತಿ ಹೈಸ್ಕೂಲಿಗೂ ಎನ್‌ಸಿಎಎ ಒಪ್ಪಿದ ಕೋರ್ಸುಗಳ ಪಟ್ಟಿ ಅದರ ಜಾಲತಾಣದಲ್ಲಿದೆ. ಫೇಲಾದ ವಿಷಯವನ್ನು ಬೇಸಿಗೆಯಲ್ಲಿ ಆನ್‌ಲೈನ್‌ನಲ್ಲಿ ಮುಗಿಸುವ ಮೊದಲು ಆ ಕೋರ್ಸು ಪಟ್ಟಿಯಲ್ಲಿದೆಯೇ ಎಂದು ಕೌನ್ಸೆಲರ್ ಜೊತೆ ಕೂತು ನೋಡಿ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ 9, 10 ಓದಿ ಹೋದ ಮಕ್ಕಳು ಆ ವರ್ಷಗಳ ದಾಖಲೆಯನ್ನೂ ಕೊಡಬೇಕು. 10ನೆಯದಕ್ಕೆ ಬೋರ್ಡಿನ ಅಂಕಪಟ್ಟಿ ಇರುತ್ತದೆ. 9ನೆಯದು ಶಾಲೆಯಿಂದಲೇ ಬರಬೇಕಾದ್ದರಿಂದ ಊರು ಬಿಡುವ ಮುನ್ನವೇ ಸಹಿ, ಮೊಹರಿನೊಂದಿಗೆ ಪಡೆದಿಟ್ಟುಕೊಳ್ಳಿ.

ಇನ್ನು ಆಟ. ಹೈಸ್ಕೂಲಿನ ಮೂರು ಪಾಯಿಂಟ್ ಗೆರೆ 19 ಅಡಿ 9 ಇಂಚು, ಕಾಲೇಜಿನದು 22 ಅಡಿ 1¾ ಇಂಚು. ಎರಡು ಅಡಿಗೂ ಹೆಚ್ಚು ಹಿಂದೆ ಸರಿದಾಗ ಕಾಲಿನ ಬಲ ಸಾಲದವರು ಭುಜದಿಂದ ಎಸೆಯತೊಡಗುತ್ತಾರೆ, ಚೆಂಡು ರಿಂಗಿನ ಮುಂಭಾಗಕ್ಕೇ ಬಡಿಯುತ್ತದೆ. 11ನೇ ತರಗತಿಯಿಂದಲೇ ಕಾಲೇಜು ಗೆರೆಯಲ್ಲಿ ಅಭ್ಯಾಸ ನಡೆಯಲಿ. ಕಾಲೇಜಿನಲ್ಲಿ ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ಬಾಸ್ಕೆಟ್‌ಗೆ ಎಸೆಯಬೇಕಾದ ಗಡುವು, 30 ಸೆಕೆಂಡು. ಹಲವು ರಾಜ್ಯಗಳ ಹೈಸ್ಕೂಲು ಪಂದ್ಯಗಳಲ್ಲಿ ಅದು ಇರುವುದೇ ಇಲ್ಲ.

ಕೋಚ್‌ಗಳಿಗೆ ಕಳಿಸುವ ಆಟದ ವಿಡಿಯೊ ಮೂರು ನಾಲ್ಕು ನಿಮಿಷ ಸಾಕು. ಮೊದಲ ಚಿತ್ರದಲ್ಲೇ ಹೆಸರು, ಎತ್ತರ, ಶಾಲೆ ಮುಗಿಸುವ ವರ್ಷ, ಜೆರ್ಸಿಯ ಬಣ್ಣ ಮತ್ತು ಸಂಖ್ಯೆ ಇರಲಿ. ಬರೀ ಬಾಸ್ಕೆಟ್‌ಗಳನ್ನೇ ಪೋಣಿಸಬೇಡಿ. ಡಿಫೆನ್ಸ್‌ನಲ್ಲಿ ಕಾಲು ಹೇಗೆ ಸರಿಯುತ್ತದೆ, ಚೆಂಡಿಲ್ಲದಾಗ ಏನು ಮಾಡುತ್ತಾನೆ ಎಂಬುದೂ ಕಾಣಬೇಕು. ಒಂದು ಪೂರ್ಣ ಪಂದ್ಯದ ಲಿಂಕನ್ನೂ ಸೇರಿಸಿ. ಹುಡುಗರ ವಿಭಾಗದಲ್ಲಿ ಡಿವಿಷನ್ 1 ಕೋಚ್‌ಗಳು 10ನೇ ತರಗತಿ ಮುಗಿದ ಬೇಸಿಗೆಯ ಜೂನ್ 15ಕ್ಕೆ ಮುನ್ನ ಆಯ್ಕೆಯ ಕುರಿತು ಉತ್ತರಿಸುವಂತಿಲ್ಲ. ಆವರೆಗಿನ ಮೌನವನ್ನು ನಿರಾಕರಣೆ ಎಂದುಕೊಂಡು ಮಗುವಿನ ಉತ್ಸಾಹ ಕುಗ್ಗಿಸಬೇಡಿ.

ಆಟಗಾರರು ಕಾಲೇಜು ಬದಲಿಸುವ ಟ್ರಾನ್ಸ್‌ಫರ್ ನಿಯಮ ಸಡಿಲವಾದ ಮೇಲೆ ದೊಡ್ಡ ಕಾಲೇಜುಗಳು ಬೇರೆ ಕಾಲೇಜಿನಲ್ಲಿ ಆಡಿ ಪಳಗಿದವರನ್ನು ಕರೆದುಕೊಳ್ಳುತ್ತಿವೆ, ಹೈಸ್ಕೂಲಿನವರಿಗೆ ಜಾಗ ಕಿರಿದಾಗಿದೆ. ಹಾಗಾಗಿ ಡಿವಿಷನ್ 3 ಅನ್ನು ಕೀಳಾಗಿ ಕಾಣಬೇಡಿ. ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ, ಓದಿನ ಮೇಲಿನ ನೆರವು ಮತ್ತು ಕುಟುಂಬದ ಆದಾಯ ನೋಡಿ ಕೊಡುವ ನೆರವು ಇವೆ. ಮಗು ಎಚ್-4 ವೀಸಾದಲ್ಲಿದ್ದರೆ (ಅಲ್ಲಿ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡುವ ವೀಸಾ) ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗದು. ಕಾಲೇಜು ತನ್ನ ನಿಧಿಯಿಂದ ಅಂಥ ವಿದ್ಯಾರ್ಥಿಗೆ ಎಷ್ಟು ಕೊಡುತ್ತದೆ ಎಂಬುದನ್ನು ಕೋಚ್‌ಗೆ ಮಾತು ಕೊಡುವ ಮುನ್ನವೇ ಹಣಕಾಸು ನೆರವಿನ ಕಚೇರಿಯಿಂದ ಬರಹದಲ್ಲಿ ಪಡೆಯಿರಿ.