ಆ ಗೂಬೆ ಶಾಮನ್ ಅಲ್ಲ, ಸ್ವಾಮಿ!

ಪ್ರಶ್ನೆ: ಕೆನಡಾದ ಉತ್ತರದ ಹಿಮನಾಡಿನ ಇನುಯಿಟ್ ಜನರ ಪ್ರಿಂಟ್‌ಗಳಲ್ಲಿ (ಅಚ್ಚೊತ್ತಿದ ಚಿತ್ರಗಳಲ್ಲಿ) ಗೂಬೆ, ಹಕ್ಕಿ ಮೈಯ ಮನುಷ್ಯರು ಜಾಸ್ತಿ. ಇವನ್ನು ಬರೆದವರು ಶಾಮನ್‌ಗಳೇ, ಅಂದ್ರೆ ಮೈಮರೆತು ಆತ್ಮಗಳ ಜೊತೆ ಮಾತಾಡುವ ಮಂತ್ರವಾದಿಗಳೇ? ಮೈಮರೆತಾಗ ಕಂಡದ್ದನ್ನೇ ಬರೆದರೇ?

ಉತ್ತರ: ಅಲ್ಲ. ಇದನ್ನು ಎಷ್ಟನೇ ಸಲ ಹೇಳುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

ಹೀಗೆ ಕೇಳುವವರ ತಲೆಯಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರ ಇರುತ್ತದೆ. ಇನುಯಿಟ್ ಕಲಾವಿದೆ ಕೆನೊಜುವಾಕ್ ಆಶೆವಾಕ್ ಅವರ 'ದಿ ಎನ್‌ಚಾಂಟೆಡ್ ಔಲ್' (ಮಾಯದ ಗೂಬೆ), 1960ರದ್ದು. 1970ರಲ್ಲಿ ಕೆನಡಾದ ಅಂಚೆಚೀಟಿಗೂ ಏರಿದ ಗೂಬೆ ಅದು. ದುಂಡು ಕಣ್ಣು, ತಲೆಯಿಂದ ಬೆಂಕಿಯ ನಾಲಿಗೆಯ ಹಾಗೆ ಎದ್ದ ಗರಿಗಳು. ನಮಗೆ ಗೂಬೆ ಅಂದ್ರೆ ಮೊದಲೇ ಅನುಮಾನ, ಹೆಸರಲ್ಲಿ ಮಂತ್ರದ ವಾಸನೆ ಬೇರೆ. ಮುಗೀತು ಕಥೆ! ಆದರೆ ಕೆನೊಜುವಾಕ್ ಹೇಳುತ್ತಿದ್ದದ್ದೇ ಬೇರೆ. ಒಂದು ತುದಿಯಿಂದ ಗೆರೆ ಶುರು ಮಾಡುತ್ತಿದ್ದರು. ಪೂರ್ತಿ ಆಕಾರ ಏನಾಗುತ್ತದೋ ಅವರಿಗೂ ಗೊತ್ತಿರುತ್ತಿರಲಿಲ್ಲ. ನೋಡೋಕೆ ಚೆಂದ ಇರಬೇಕು, ಅಷ್ಟೇ. ಆ ಗರಿಗಳನ್ನೇ ನೋಡಿ. ತಲೆಯ ಗರಿ ಎದ್ದಿದ್ದಕ್ಕೆ ಬಾಲದ ಗರಿಯೂ ಬಾಗಿ ಮೇಲೇರಿದೆ. ಇಲ್ಲದಿದ್ದರೆ ಚಿತ್ರ ಒಂದು ಕಡೆಗೆ ವಾಲುತ್ತಿತ್ತು. ಇದು ಕೈಯ ಲೆಕ್ಕಾಚಾರ, ಪವಾಡ ಅಲ್ಲ.

ಇನ್ನು ಪ್ರಿಂಟ್ ಆಗೋದು ಹೇಗೆ ಅಂತ ಯೋಚಿಸಿದ್ದೀರಾ? ಬ್ಯಾಫಿನ್ ದ್ವೀಪಕ್ಕೆ ಅಂಟಿದಂತಿರುವ ಅವರ ಊರು ಕಿನ್ಗೈಟ್‌ನಲ್ಲಿ (ಆಗಿನ ಕೇಪ್ ಡಾರ್ಸೆಟ್) ಕಲಾವಿದೆ ಪೆನ್ಸಿಲಲ್ಲಿ ಬರೆದ ಚಿತ್ರವನ್ನು ಸಹಕಾರ ಸಂಘ ಕೊಂಡುಕೊಳ್ಳುತ್ತಿತ್ತು. ಬೇರೊಬ್ಬರು ಅದನ್ನು ಚಪ್ಪಟೆ ಕಲ್ಲಿನ ಮೇಲೆ ಉಲ್ಟಾ ಕೆತ್ತುತ್ತಿದ್ದರು. ಶಾಯಿ ಉರುಳಿಸಿ, ತೆಳ್ಳನೆ ಕಾಗದ ಹಾಸಿ, ಕೈಯಿಂದ ಉಜ್ಜುತ್ತಿದ್ದರು. ಈ ಗೂಬೆಯದು 50 ಪ್ರತಿ: 25 ಕೆಂಪು-ಕಪ್ಪು, 25 ಹಸಿರು-ಕಪ್ಪು. ಮೈಮರೆತವರು ಬಣ್ಣ ಬದಲಿಸಿ 25 ಎಣಿಸೋಕಾಗುತ್ತಾ?

ಹಾಗಂತ ಶಾಮನ್ ಇಲ್ಲವೇ ಇಲ್ಲ ಅಂತಲ್ಲ. ಅಲ್ಲಿನ ಭಾಷೆಯಲ್ಲಿ ಅಂಗಕ್ಕುಕ್. ಇನುಯಿಟ್ ಕಥೆಗಳ ಕಡಲ ತಾಯಿ ಸೆಡ್ನಾಗೆ ಕಿನ್ಗೈಟ್‌ನವರು ತಲೀಲಾಯು ಅನ್ನುತ್ತಾರೆ. ಅವಳಿಗೆ ಬೆರಳಿಲ್ಲ. ತಲೆಗೂದಲು ಸಿಕ್ಕಾದರೆ ತಾನೇ ಬಾಚಿಕೊಳ್ಳಲಾರಳು, ಮುನಿಸಿಕೊಂಡು ಜನ ಬೇಟೆಯಾಡುವ ಕಡಲ ಪ್ರಾಣಿ ಸೀಲ್‌ಗಳನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತಾಳೆ, ಮೇಲೆ ಜನ ಉಪವಾಸ. ಆಗ ಅಂಗಕ್ಕುಕ್ ಕಡಲ ತಳಕ್ಕೆ ಇಳಿದು ಅವಳ ತಲೆ ಬಾಚಬೇಕು. ಪ್ರಿಂಟ್‌ಗಳಲ್ಲಿ ಮೀನಿನ ಬಾಲದ ಹೆಂಗಸು ಕಂಡರೆ ಈ ಕಥೆ ನೆನೆಯಿರಿ, ತಪ್ಪಿಲ್ಲ. ಆದರೆ ಬರೆದವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಚರ್ಚಿಗೆ ಹೋಗುವವರು. ಹಿರಿಯರಿಂದ ಕೇಳಿದ ಕಥೆ ಬರೆದರು.

ಇದು 'ಸಾವಿರಾರು ವರ್ಷದ ಕಲೆ' ಅನ್ನುವವರಿಗೂ ಒಂದು ಮಾತು: ಅಲ್ಲಿ ಪ್ರಿಂಟ್ ಶುರುವಾದದ್ದೇ 1957ರಲ್ಲಿ. ಮರುವರ್ಷ, ಅದನ್ನು ಶುರು ಮಾಡಿಸಿದ ಕೆನಡಾದ ಕಲಾವಿದ ಜೇಮ್ಸ್ ಹ್ಯೂಸ್ಟನ್ ಜಪಾನಿಗೆ ಹೋಗಿ ಅಲ್ಲಿನ ಅಚ್ಚುಕಲಾವಿದ ಉನಿಚಿ ಹಿರಾತ್ಸುಕಾ ಅವರ ಹತ್ತಿರ ಅಚ್ಚಿನ ಕೆಲಸ ಕಲಿತು ಬಂದರು. ಅಂದ ಹಾಗೆ, ಯಾರೂ ಕೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ. ಪ್ರಿಂಟ್‌ನ ಮೂಲೆಯಲ್ಲಿ ಪುಟ್ಟ ಮುದ್ರೆಗಳಿರುತ್ತವಲ್ಲ, ಅದೂ ಜಪಾನಿನ ರೂಢಿ. ಒಂದು ಬರೆದವರದು, ಇನ್ನೊಂದು ಕೆತ್ತಿದವರದು. ಇಗ್ಲೂ ಆಕಾರದ ಕೆಂಪು ಗುರುತು ಸಂಘದ್ದು. ಅದು ಯಂತ್ರವೂ ಅಲ್ಲ, ತಾಯಿತವೂ ಅಲ್ಲ.